ಕೊನೆಯಕ್ಕನ ಬಲಗಡೆಯ ಜೇಬು

ನಾನು ಕೊನೆಯಕ್ಕನನ್ನು ಮೊದಲು ಕಂಡದ್ದು ಒಂದು ಬಸ್ಸಿನ ಹಿಂಬಾಗಿಲ ಹತ್ತಿರ. ಹದಿನೆಂಟು ವರ್ಷದ ಹಿಂದಿನ ಮಾತು. ನಮ್ಮ ಶಾಲೆಯ ಒಂಬತ್ತು ಮಂದಿ ಉಪಾಧ್ಯಾಯರು ರಜೆಯಲ್ಲಿ ಬೆಟ್ಟ ಹತ್ತುವುದೆಂದು ತೀರ್ಮಾನಿಸಿ, ಡಾಂಬರು ರಸ್ತೆ ಮುಗಿಯುವ ಆ ಸಣ್ಣ ಪೇಟೆಗೆ ಬಂದು ಇಳಿದಿದ್ದೆವು. ಹುಮ್ಮಸ್ಸೆಲ್ಲ ನಮ್ಮ ಡ್ರಿಲ್ ಮೇಷ್ಟ್ರದು. ಎಂಟು ಜನ ಹೊರಟಾಗ ಒಬ್ಬ ಒಲ್ಲೆನೆಂದರೆ ಚೆನ್ನಾಗಿರುವುದಿಲ್ಲ ಎಂಬ ದಾಕ್ಷಿಣ್ಯಕ್ಕೆ ನಾನು ಹೊರಟವನು. ಎಲ್ಲರೂ ಇಳಿದು ತಮ್ಮ ತಮ್ಮ ಚೀಲ ಹುಡುಕುತ್ತಿದ್ದಾಗ ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬಳು, ಗಂಡಸರ ಹಳೆಯ ಕೋಟು ತೊಟ್ಟವಳು, ಬಸ್ಸಿನೊಳಗೆ ಹತ್ತಿದಳು. ಒಂದೊಂದು ಸೀಟಿನ ಕೆಳಗೂ ಬಗ್ಗಿ ನೋಡಿ, ಕನ್ನಡಕದ ಡಬ್ಬಿಯೊಂದನ್ನು ಹಿಡಿದುಕೊಂಡು ಇಳಿದಳು.

“ಇದು ಯಾರದು?”

“ನನ್ನದು” ಎಂದೆ.

“ಏನು ಕೆಲಸ ಮಾಡ್ತೀರಿ?”

“ಮೇಷ್ಟ್ರು. ವ್ಯಾಕರಣ ಹೇಳಿಕೊಡ್ತೀನಿ.”

“ಹಾಗೇ ಅಂದ್ಕೊಂಡೆ. ಬೇರೆಯವರ ತಪ್ಪು ಹುಡುಕೋರು ತಮ್ಮದನ್ನ ಎಲ್ಲಾದ್ರೂ ಬಿಟ್ಟು ಹೋಗ್ತಾರೆ. ಎಲ್ಲಿ, ಹತ್ತು ಹೆಜ್ಜೆ ನಡೆದು ತೋರಿಸಿ.”

ನಡೆದೆ. ಅವಳು ನನ್ನ ಕಾಲನ್ನು ನೋಡಲಿಲ್ಲ, ಭುಜವನ್ನು ನೋಡಿದಳು. ಆಮೇಲೆ ಡಬ್ಬಿಯನ್ನು ನನ್ನ ಕೈಗಿಟ್ಟು, “ನೀವು ನನ್ನ ಪಾಲಿಗೆ ಬಂದ್ರಿ ಮೇಷ್ಟ್ರೆ” ಎಂದಳು.

ಅದರ ಅರ್ಥ ನನಗೆ ಅರ್ಧ ಗಂಟೆಯಲ್ಲೇ ತಿಳಿಯಿತು. ಬೆಟ್ಟ ಹತ್ತಿಸುವುದು ಆ ಮನೆಯವರ ಕೆಲಸ. ಅವಳ ಅಣ್ಣ ಸಾಲಿನ ಮುಂದೆ ನಡೆಯುವನು. ಎಲ್ಲರೂ ಅವನನ್ನು ಮುಂದಾಳು ಎನ್ನುತ್ತಿದ್ದರು. ಸಾಲಿನ ಕೊನೆಗೆ ತಂಗಿ. ಯಾರು ಎಷ್ಟೇ ನಿಧಾನವಾಗಲಿ, ಬೂಟಿನ ದಾರ ಬಿಚ್ಚಿಕೊಳ್ಳಲಿ, ಬಂಡೆಯ ಮರೆಗೆ ಹೋಗಲಿ, ಅವಳು ಅವರ ಹಿಂದೆಯೇ ಇರಬೇಕು. ತನ್ನ ಹಿಂದೆ ಯಾರನ್ನೂ ಬಿಟ್ಟು ಬರಕೂಡದು. ಅದಕ್ಕೇ ಆಕೆ ಊರಿಗೆಲ್ಲ ಕೊನೆಯಕ್ಕ. ಅಣ್ಣನೂ ಮುನಿಸು ಬಂದಾಗ ಹಾಗೆಯೇ ಕೂಗುತ್ತಿದ್ದ. ನಡಿಗೆಯಲ್ಲಿ ನಾನು ಒಂಬತ್ತನೆಯವನಾದ್ದರಿಂದ ಮೂರು ದಿನವೂ ಅವಳಿಗೆ ಕಂಡದ್ದು ನನ್ನ ಬೆನ್ನು, ನನಗೆ ಕೇಳಿದ್ದು ಅವಳ ಮಾತು.

ಕೊನೆಯಕ್ಕನ ಹಿಂದೆ ಇರಲು ಹಕ್ಕಿದ್ದವನು ಒಬ್ಬನೇ, ಅಡುಗೆಯವನು. ಆತ ಅವಳ ಸ್ವಂತ ಅಕ್ಕನ ಗಂಡ. ಅವಳು “ಭಾವ” ಎಂದು ಕರೆಯುವುದನ್ನು ಕೇಳಿ ಕೇಳಿ ನಮ್ಮ ಒಂಬತ್ತು ಮಂದಿಗೂ ಆತ ಭಾವನೇ ಆದ. ನಾವು ಬೆಳಿಗ್ಗೆ ಹೊರಟ ಮೇಲೆ ಭಾವ ಪಾತ್ರೆ ತೊಳೆದು, ಒಲೆ ಆರಿಸಿ, ತಂಗುಮನೆಗೆ ಬೀಗ ಹಾಕಿ, ನಮಗಿಂತ ಒಂದೂವರೆ ಗಂಟೆ ತಡವಾಗಿ ಹೊರಡುವನು. ಬೆನ್ನ ಮೇಲೆ ದೊಡ್ಡ ಹಂಡೆಯಂಥ ಪಾತ್ರೆ, ಅದರೊಳಗೆ ಚಿಕ್ಕವು, ಅವುಗಳೊಳಗೆ ಲೋಟಗಳು. ಹತ್ತು ಗಂಟೆಯ ಹೊತ್ತಿಗೆ ಹಿಂದಿನಿಂದ ಲೊಟಲೊಟ ಶಬ್ದ ಕೇಳುವುದು. ನಮ್ಮೆಲ್ಲರನ್ನೂ ದಾಟಿ ಮುಂದೆ ಹೋಗುವನು. ನಾವು ಮುಂದಿನ ತಂಗುಮನೆ ಸೇರುವಾಗ ಚಹಾ ಕುದಿಯುತ್ತಿರುವುದು.

“ದಾರಿ ಬಿಡಿ, ದಾರಿ ಬಿಡಿ, ಮದುವೆ ಮೆರವಣಿಗೆ ಬಂತು” ಎಂದು ಕೊನೆಯಕ್ಕ ಚುಡಾಯಿಸುವಳು.

“ಮೆರವಣಿಗೇಲಿ ನಿನ್ನ ಅಕ್ಕ ಇಲ್ಲ, ಅದಕ್ಕೇ ಇಷ್ಟು ಬೇಗ ನಡೀತೀನಿ” ಎನ್ನುವನು ಭಾವ.

“ಹೇಳ್ತೀನಿ ತಾಳಿ ಅವಳಿಗೆ.”

“ಹೇಳು ಹೇಳು. ಅವಳ ಹೊಲಿಗೆ ಮಿಷನ್ ಸದ್ದಿನಲ್ಲಿ ನಿನ್ನ ಮಾತು ಕೇಳಿಸಿದರೆ ತಾನೆ!”

ಎರಡನೆಯ ದಿನ ಮರಗಳೆಲ್ಲ ಮುಗಿದವು. ಬರೀ ಬಂಡೆ, ಪುಡಿಗಲ್ಲು, ಅಲ್ಲಲ್ಲಿ ಒಣಹುಲ್ಲು. ದಾರಿಯುದ್ದಕ್ಕೂ ಕಲ್ಲುಗುಪ್ಪೆಗಳಿದ್ದವು, ಮಂಜು ಕವಿದಾಗ ದಾರಿ ತಿಳಿಯಲೆಂದು ಹಿಂದಿನವರು ಸೊಂಟದೆತ್ತರಕ್ಕೆ ಪೇರಿಸಿದವು. ಮುಂದಾಳು ಪ್ರತಿಯೊಂದು ಗುಪ್ಪೆಯ ತಲೆಯ ಮೇಲೂ ಸುಣ್ಣ ಬಳಿದ, ನಿಂಬೆಹಣ್ಣಿನ ಗಾತ್ರದ ಒಂದು ಬಿಳಿ ಕಲ್ಲನ್ನು ಇಟ್ಟು ಹೋಗುತ್ತಿದ್ದ. ಕೊನೆಯಕ್ಕ ಅದನ್ನು ಎತ್ತಿ ಕೋಟಿನ ಬಲಗಡೆಯ ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಸಂಜೆ ಅಣ್ಣನ ಮುಂದೆ ಜೇಬು ಸುರಿಯುವಳು. ಇಟ್ಟವೆಲ್ಲ ಹಿಂದಕ್ಕೆ ಬಂದರೆ ಸಾಲು ಎಲ್ಲಿಯೂ ಹರಿದಿಲ್ಲ, ಎಲ್ಲರೂ ಅದೇ ದಾರಿಯಲ್ಲಿ ಬಂದಿದ್ದಾರೆ ಎಂದು ಲೆಕ್ಕ.

“ನಿಮ್ಮ ಹಾಜರಿ ಪುಸ್ತಕದ ಹಾಗೆ ಮೇಷ್ಟ್ರೆ” ಎಂದಳು. “ನಿಮ್ಮದರಲ್ಲಿ ಹುಡುಗರು ‘ಹಾಜರ್’ ಅಂತ ಸುಳ್ಳು ಹೇಳಬಹುದು. ಕಲ್ಲು ಹೇಳಲ್ಲ.”

ಬಿಳಿಯವಲ್ಲದೆ ಮುಂದಾಳುವಿನ ಬಳಿ ಕೆಂಪು ಬಣ್ಣ ಬಳಿದ ಒಂದೇ ಒಂದು ಕಲ್ಲಿತ್ತು. ಅದು ಅಡುಗೆಯವನ ಕಲ್ಲು. ಬೆಳಿಗ್ಗೆ ಹೇಳಿದ ದಾರಿಯನ್ನು ಮುಂದಾಳು ನಡುವೆ ಬದಲಾಯಿಸಿದರೆ, ದಾರಿ ಕವಲೊಡೆಯುವ ಜಾಗದ ಗುಪ್ಪೆಯ ಮೇಲೆ ಅದನ್ನಿಡುವನು. ಹಿಂದೆ ಒಬ್ಬನೇ ಬರುವ ಭಾವ ಕೆಂಪು ಕಲ್ಲನ್ನು ಕಂಡರೆ ಬದಲಿ ದಾರಿ ಹಿಡಿಯಬೇಕು. ಕಾಣದಿದ್ದರೆ ಬೆಳಿಗ್ಗೆ ಹೇಳಿದ ದಾರಿಯಲ್ಲೇ ಹೋಗಬೇಕು. ಆ ಕಲ್ಲನ್ನು ಎತ್ತಿಕೊಂಡು ಬರುವ ಅಧಿಕಾರ ಭಾವನೊಬ್ಬನದೇ. ಕೊನೆಯಕ್ಕ ಅದನ್ನು ಮುಟ್ಟಕೂಡದು. ಆ ಎತ್ತರದಲ್ಲಿ ಆಗ ಫೋನಿನ ಸಿಗ್ನಲ್ ಇರಲಿಲ್ಲ. ಅವರಿಗೆ ಇದ್ದದ್ದು ಈ ಕಲ್ಲುಗಳ ಮಾತೊಂದೇ.

ಮೂರನೆಯ ದಿನ ಮೇಲಿನ ತಂಗುಮನೆಯಿಂದ ಹೊರಟು ಕೆಳಗಿನ ತಂಗುಮನೆ ಸೇರಬೇಕಿತ್ತು. ಎರಡು ದಾರಿ. ಒಂದು ಮೇಲ್ದಾರಿ, ಎರಡು ಶಿಖರಗಳ ನಡುವಿನ ಇಕ್ಕಟ್ಟಾದ ಸಂದಿನಲ್ಲಿ ಹತ್ತಿ ಆಚೆಗೆ ಇಳಿಯುವುದು. ದೂರ ಕಡಿಮೆ, ನೋಟ ಚೆಂದ. ಇನ್ನೊಂದು ಕೆರೆದಾರಿ, ಬೆಟ್ಟವನ್ನು ಸುತ್ತುಹಾಕಿ ಒಂದು ಕೆರೆಯ ದಂಡೆಯ ಮೇಲೆ ಹೋಗುವುದು. ದೂರ ಹೆಚ್ಚು, ಅಪಾಯ ಕಡಿಮೆ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಗಾಜಿನ ಹಾಗಿತ್ತು. ಮುಂದಾಳು ಬಾಗಿಲಲ್ಲಿ ನಿಂತು, “ಮೇಲ್ದಾರಿ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಭಾವ ಒಳಗಿನಿಂದ, “ಮೇಲ್ದಾರಿ” ಎಂದು ತಿರುಗಿ ಹೇಳಿದ. ಕೇಳಿಸಿತೆಂಬುದಕ್ಕೆ ಹಾಗೆ ತಿರುಗಿ ಹೇಳುವುದು ಅವರ ಪದ್ಧತಿ. ಸೀಮೆಎಣ್ಣೆ ಸ್ಟೌವಿನ ತೂತು ಕಟ್ಟಿಕೊಂಡಿದೆ, ಅದನ್ನು ಸರಿಮಾಡಿಯೇ ಬರುತ್ತೇನೆ, ಸ್ವಲ್ಪ ತಡವಾದೀತು ಎಂದೂ ಹೇಳಿದ.

“ಭಾವ, ಸ್ಟೌ ಬಿಚ್ಚೋಕೆ ಹೋಗಿ ಗಡ್ಡ ಸುಟ್ಕೋಬೇಡಿ. ಅಕ್ಕ ಗುರುತು ಹಿಡಿಯಲ್ಲ” ಎಂದಳು ಕೊನೆಯಕ್ಕ.

“ಹಿಡಿದು ಏನು ಮಾಡಬೇಕು? ನೀನು ಹೋಗು, ನಿನ್ನ ಮೇಷ್ಟ್ರು ಆಗಲೇ ಕೂತ್ಬಿಟ್ರು.”

ನಿಜ, ನಾನು ಕುಳಿತಿದ್ದೆ. ಬೆಳಗಿನಿಂದಲೇ ತಲೆಯೊಳಗೆ ಯಾರೋ ಮೊಳೆ ಹೊಡೆಯುತ್ತಿದ್ದರು. ಎತ್ತರಕ್ಕೆ ಹೋದ ಕೆಲವರಿಗೆ ಹಾಗಾಗುತ್ತದೆಂದು ಕೊನೆಯಕ್ಕ ಮೊದಲೇ ಹೇಳಿದ್ದಳು. ಎರಡನೆಯ ಗುಪ್ಪೆ ದಾಟುವಷ್ಟರಲ್ಲಿ ವಾಂತಿ ಶುರುವಾಯಿತು. ಅವಳು ನನ್ನ ಚೀಲವನ್ನು ತನ್ನ ಎದೆಗೆ ಕಟ್ಟಿಕೊಂಡು, ಎಡಗೈಯಿಂದ ನನ್ನ ತೋಳು ಹಿಡಿದು, ಹತ್ತು ಹೆಜ್ಜೆಗೊಮ್ಮೆ ನಿಲ್ಲಿಸುತ್ತ ನಡೆಸಿದಳು.

“ಮೇಷ್ಟ್ರೆ, ಮಗ್ಗಿ ಹೇಳಿ.”

“ಯಾಕಮ್ಮಾ?”

“ಹನ್ನೆರಡರ ಮಗ್ಗಿ ತಪ್ಪದೆ ಹೇಳೋ ತನಕ ಭಯವಿಲ್ಲ. ತಪ್ಪಿದ್ರೆ ನಾನು ನಿಮ್ಮನ್ನ ಹೊತ್ಕೊಂಡಾದ್ರೂ ಇಳಿಸಬೇಕು.”

ಹನ್ನೆರಡೇಳು ಎಂಬತ್ತನಾಲ್ಕಕ್ಕೆ ಬರುವ ಹೊತ್ತಿಗೆ ಗಾಳಿ ತಿರುಗಿತು. ಬೆಳಗಿನ ಆಕಾಶ ಎಲ್ಲಿ ಹೋಯಿತೋ! ಎಡಗಡೆಯ ಶಿಖರದ ಹಿಂದಿನಿಂದ ಬೂದಿ ಬಣ್ಣದ ಮೋಡ ಹಾಲುಕ್ಕಿದಂತೆ ಉಕ್ಕಿ, ಕಣಿವೆಗೆ ಸುರಿಯಿತು. ಐದು ನಿಮಿಷದಲ್ಲಿ ಮುಂದಿದ್ದ ಎಂಟು ಜನವೂ ಕಾಣದಾದರು. ಮೊದಲು ಹನಿ, ಆಮೇಲೆ ಆಲಿಕಲ್ಲು. ಬಟಾಣಿಯಷ್ಟಿದ್ದದ್ದು ನೋಡನೋಡುತ್ತಲೇ ಗೋಲಿಯಷ್ಟಾಯಿತು. ಅವಳು ನನ್ನ ತಲೆಯ ಮೇಲೆ ಚೀಲವನ್ನು ಹಿಡಿದಳು. ಅವಳ ತಲೆಯ ಮೇಲೆ ಏನೂ ಇರಲಿಲ್ಲ.

ಹಾಗೆಯೇ ತಡವರಿಸಿ ಕವಲಿಗೆ ಬಂದೆವು. ಅಲ್ಲಿಯ ಗುಪ್ಪೆ ಉಳಿದವುಗಳಿಗಿಂತ ದೊಡ್ಡದು. ಅದರ ನೆತ್ತಿಯ ಮೇಲೆ ಕೆಂಪು ಕಲ್ಲಿತ್ತು. ಮುಂದಾಳು ಮೋಡವನ್ನು ಕಂಡು ಮೇಲ್ದಾರಿಯನ್ನು ಬಿಟ್ಟು ಕೆರೆದಾರಿ ಹಿಡಿದಿದ್ದ.

“ಒಳ್ಳೇದಾಯ್ತು. ಅಣ್ಣ ಕೆರೆದಾರಿಗೆ ತಿರುಗಿಸಿದಾನೆ” ಎಂದಳು ಅವಳು. ನಾನು ಆ ಗುಪ್ಪೆಗೇ ಒರಗಿ ಕುಸಿದೆ. ಇನ್ನು ಏಳಲಾರೆ, ನೀವು ಹೋಗಿ ಎಂದೆ. ಅವಳು ರೇಗಿದಳು. “ಏಳ್ರೀ ಮೇಲೆ! ಮೂರು ದಿನ ನಿಮ್ಮ ಬೆನ್ನು ಕಾದಿದ್ದು ಇಲ್ಲಿ ಕೂರಿಸಿ ಹೋಗೋಕಾ?” ಎಂದು ಎಡಗೈಯನ್ನು ನನ್ನ ಕಂಕುಳಿಗೆ ಹಾಕಿ ಎಬ್ಬಿಸಿ ನಿಲ್ಲಿಸಿದಳು. ನಿಲ್ಲಿಸುತ್ತಿದ್ದ ಹಾಗೆಯೇ ಅವಳ ಬಲಗೈ ಗುಪ್ಪೆಯ ತಲೆಗೆ ಹೋಯಿತು, ಜೇಬಿಗೆ ಹೋಯಿತು. ಅವಳ ಕಣ್ಣು ನನ್ನ ಮುಖದ ಮೇಲಿತ್ತು.

ಅದನ್ನು ನಾನು ಕಂಡೆ. ಬೆಳಗಿನಿಂದ ನಾಲ್ಕು ಗುಪ್ಪೆಗಳಲ್ಲಿ ಕಂಡಿದ್ದ ಸಂಗತಿಯೇ ಆದ್ದರಿಂದ ಅದರಲ್ಲಿ ವಿಶೇಷವೇನೂ ತೋರಲಿಲ್ಲ. ಹಿಂದಿನ ದಿನ ಅವಳು ಅಷ್ಟು ಬಿಡಿಸಿ ಹೇಳಿದ್ದ ನಿಯಮ ನನ್ನ ನೆನಪಿಗೆ ಬರಲಿಲ್ಲ.

ಕೆರೆದಾರಿಯ ಮೂರು ಗಂಟೆಯ ನಡಿಗೆ ನನಗೆ ಚೂರುಚೂರಾಗಿ ನೆನಪಿದೆ. ಆಲಿಕಲ್ಲು ನಿಂತಿತು, ಸೂರ್ಯ ಕಣ್ಣಾಮುಚ್ಚಾಲೆಯಾಡಿದ ಹಾಗೆ ಹತ್ತು ನಿಮಿಷ ಬಂದು ಹೋದ, ಕೆರೆ ಒಮ್ಮೆ ನೀಲಿ, ಒಮ್ಮೆ ಸೀಸದ ಬಣ್ಣ. ತಗ್ಗಿಗಿಳಿದಂತೆ ನನ್ನ ತಲೆ ಹಗುರಾಯಿತು. ಹಿಂದಕ್ಕೆ ತಿರುಗಿ ನೋಡಿದರೆ ಮೇಲ್ದಾರಿಯ ಸಂದು ಇದ್ದ ಕಡೆ ಬಿಳಿಯ ಗೋಡೆ ಎದ್ದಿತ್ತು. ಅಲ್ಲಿ ಹಿಮ ಬೀಳುತ್ತಿತ್ತು.

“ಮೆರವಣಿಗೆ ಇನ್ನೂ ಬರಲಿಲ್ಲವಲ್ಲ” ಎಂದೆ.

“ಸ್ಟೌ ಕೈ ಕೊಟ್ಟಿರಬೇಕು. ಬರ್ತಾರೆ” ಎಂದಳು. ಸ್ವಲ್ಪ ದೂರ ಹೋದ ಮೇಲೆ ಯಾರೂ ಕೇಳದಿದ್ದರೂ ಇನ್ನೊಮ್ಮೆ, “ಬರ್ತಾರೆ” ಎಂದಳು.

ಕೆಳಗಿನ ತಂಗುಮನೆ ಒಂದೇ ಕೋಣೆಯದು. ಗೋಡೆಯುದ್ದಕ್ಕೂ ಹಲಗೆಯ ಮಂಚ, ನಡುವೆ ಒಂದು ಮೇಜು, ಮೂಲೆಯಲ್ಲಿ ಒಲೆ, ಕಿಟಕಿಯ ಒಡೆದ ಗಾಜಿಗೆ ರಟ್ಟು. ಚಹಾದ ವಾಸನೆಯಿಲ್ಲದೆ ಅದು ಬೇರೆ ಯಾರದೋ ಮನೆಯಂತಿತ್ತು. ನಮ್ಮವರು ಒದ್ದೆ ಕಾಲುಚೀಲಗಳನ್ನು ಹಿಂಡುತ್ತ ಕುಳಿತಿದ್ದರು. ಗಂಟೆ ಎರಡೂವರೆ. ಮುಂದಾಳು ಬಾಗಿಲಲ್ಲೇ ನಿಂತಿದ್ದ.

“ಭಾವ ನಿನ್ನ ಜೊತೆ ಇಲ್ವಾ?”

“ಇಲ್ಲ. ನಿನ್ನ ಕಡೆಗೂ ಬರ್ಲಿಲ್ವಾ?”

“ಬಂದಿದ್ರೆ ಕೇಳ್ತಿದ್ನಾ? ಕವಲಿನ ಕಲ್ಲು?”

“ಅಲ್ಲೇ ಇದೆ. ಅದನ್ನ ನಾನ್ಯಾಕೆ ಮುಟ್ಲಿ?”

ಅವಳು ಸುಳ್ಳು ಹೇಳಲಿಲ್ಲ. ಅವಳ ಮನಸ್ಸಿನಲ್ಲಿ ಕಲ್ಲು ಅಲ್ಲಿಯೇ ಇತ್ತು. ಅವಳು ಕೊನೆಗೆ ನಡೆಯತೊಡಗಿದ ಹನ್ನೊಂದು ವರ್ಷದಿಂದ ಅದು ಅಲ್ಲಿಯೇ ಇರುತ್ತಿತ್ತು.

ಮುಂದಾಳು ಯೋಚಿಸಿದ. ಕಲ್ಲು ಅಲ್ಲಿದ್ದರೆ ಭಾವ ಕೆರೆದಾರಿ ಹಿಡಿದಿರಬೇಕು. ಕೆರೆದಾರಿಯಲ್ಲಿ ಕಾಲು ಜಾರುವ ಜಾಗ ಒಂದೇ, ಕೆರೆಯ ಆಚೆಗಿನ ಹಳ್ಳ. ಹಗ್ಗ, ಕಂಬಳಿ, ಬಿಸಿನೀರಿನ ಫ್ಲಾಸ್ಕು ಸಿದ್ಧವಾದವು. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವುದೆಂದಾಯಿತು. ಹೊರಡುವ ಮೊದಲು ಅವನು ಕೈ ಚಾಚಿದ. “ಕಲ್ಲು ಕೊಡು. ಹೋಗ್ತಾ ಇಟ್ಕೊಂಡು ಹೋಗ್ತೀನಿ. ಮಂಜು ಹೆಚ್ಚಾದ್ರೆ ವಾಪಸ್ ಬರೋಕೆ ಬೇಕು.”

ಅವಳು ಜೇಬಿಗೆ ಕೈಹಾಕಿ ಮೇಜಿನ ಮೇಲೆ ಇಡತೊಡಗಿದಳು. ಎರಡು, ನಾಲ್ಕು, ಐದು ಬಿಳಿಯವು. ಮತ್ತೆ ಕೈ ಒಳಗೆ ಹೋಯಿತು. ಎರಡು ಬಿಳಿಯವುಗಳ ನಡುವೆ ಕೆಂಪು ಕಲ್ಲು ಬಂತು.

ಅದು ಮೇಜಿನ ಮೇಲೆ ಅರ್ಧ ಸುತ್ತು ಉರುಳಿ ನಿಂತಿತು. ನಮ್ಮ ಡ್ರಿಲ್ ಮೇಷ್ಟ್ರು ಏನೂ ತಿಳಿಯದೆ, “ಇದೇನು ಚೆನ್ನಾಗಿದೆಯಲ್ಲ!” ಎಂದು ಎತ್ತಿಕೊಳ್ಳಹೋದರು. ಮುಂದಾಳು ಅವರ ಕೈಯನ್ನು ತಳ್ಳಿದ.

“ನೀನಾ?” ಎಂದ ತಂಗಿಗೆ.

ಅವಳು ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡಳು. ಅಳಲಿಲ್ಲ. ನೆಲಕ್ಕೆ ಕುಳಿತು, ಸಡಿಲಿಸಿದ್ದ ಬೂಟಿನ ದಾರವನ್ನು ಮತ್ತೆ ಬಿಗಿಯತೊಡಗಿದಳು.

“ಕಲ್ಲು ಕಂಡಿಲ್ಲ ಭಾವಂಗೆ. ಮೇಲ್ದಾರಿಗೇ ಹೋಗಿದಾರೆ. ಅಣ್ಣ, ಹಿಂದಕ್ಕಲ್ಲ; ಇಲ್ಲಿಂದ ಮೇಲಕ್ಕೆ. ಬೇಗ.”

“ನೀನಿಲ್ಲೇ ಇರು.”

“ಬೈಯೋದಿದ್ರೆ ದಾರೀಲಿ ಬೈಯಿ. ನಡಿ.”

ಆಗ ನನಗೆ ಕವಲಿನ ಗುಪ್ಪೆ, ಅವಳ ಬಲಗೈ, ಎಲ್ಲ ಒಟ್ಟಿಗೆ ನೆನಪಾದವು. “ನಾನು ನೋಡಿದ್ದೆ ಅಕ್ಕ” ಎಂದೆ. “ನೀವು ಎತ್ತಿದ್ದನ್ನ ನಾನು ನೋಡಿದ್ದೆ.” ಅವಳು ಬಾಗಿಲಿನಲ್ಲಿ ತಿರುಗಿ, “ನೀವು ನೀರು ಕುಡೀತಾ ಇರಿ ಮೇಷ್ಟ್ರೆ. ಒಂದೇ ಸಲ ಕುಡೀಬೇಡಿ” ಎಂದು ಹೇಳಿ ಹೋದಳು. ಅಂದು ಅವಳು ಸಾಲಿನ ಮುಂದೆ ನಡೆದಳು, ಮುಂದಾಳು ಹಿಂದೆ. ಹಿಮ ಈಗ ತಂಗುಮನೆಯ ಅಂಗಳಕ್ಕೂ ಬಂದಿತ್ತು.

ಅವರು ಮರಳಿದ್ದು ಮರುದಿನ ಬೆಳಿಗ್ಗೆ ಏಳು ಗಂಟೆಗೆ. ಆಕಾಶ ಮತ್ತೆ ತೊಳೆದಿಟ್ಟ ಗಾಜಿನ ಹಾಗಿತ್ತು. ನನಗೆ ಅದರ ಮೇಲೆ ಸಿಟ್ಟು ಬಂತು. ಭಾವ ಅಣ್ಣನ ಬೆನ್ನ ಮೇಲಿದ್ದ. ಜೀವವಿತ್ತು. ಸಂದನ್ನು ಹತ್ತಿ ಇಳಿಯುವಾಗ ಹಿಮದಲ್ಲಿ ದಾರಿ ತಪ್ಪಿ, ಒಂದು ಬಂಡೆಯ ಕೆಳಗೆ ಹಂಡೆಯನ್ನು ಗಾಳಿಗೆ ಅಡ್ಡವಿಟ್ಟುಕೊಂಡು, ಗೋಣಿಚೀಲ ಹೊದ್ದು ಕುಳಿತಿದ್ದನಂತೆ. ಹೊಳೆಯುವ ಹಂಡೆ ಬ್ಯಾಟರಿ ಬೆಳಕಿಗೆ ಕಂಡದ್ದರಿಂದಲೇ ಅವನು ಸಿಕ್ಕಿದ್ದು. ಹಳ್ಳದ ಕಡೆಗೆ ಹೋಗಿದ್ದರೆ ಸಿಗುತ್ತಿರಲಿಲ್ಲ. ಬಲಗಾಲಿನ ಬೂಟು ಒಡೆದು ಒಳಗೆಲ್ಲ ಹಿಮ ತುಂಬಿತ್ತು. ಬೆರಳುಗಳು ಕಪ್ಪಾಗಿದ್ದವು.

ಹಲಗೆಯ ಮೇಲೆ ಮಲಗಿಸಿದಾಗ ಭಾವ ಕಣ್ಣು ಬಿಟ್ಟು ಅವಳನ್ನು ಹುಡುಕಿದ.

“ಕೆಂಪು ಕಲ್ಲು ಇರ್ಲಿಲ್ಲ ಕಣೆ” ಎಂದ. “ಇಂಥ ಮೋಡಕ್ಕೆ ನಿನ್ನಣ್ಣ ಮೇಲ್ದಾರಿಗೆ ಹೋಗೋನಲ್ಲ ಅನ್ನಿಸ್ತು. ಆಲಿಕಲ್ಲು ಬಿದ್ದು ಉರುಳಿಹೋಗಿರಬೇಕು ಅಂತ ಗುಪ್ಪೆ ಸುತ್ತಲೂ ಎರಡು ಸಲ ತಡಕಿದೆ. ಇರ್ಲಿಲ್ಲ. ನೀವೆಲ್ಲ ಮೇಲೇ ಸಿಕ್ಕಿಹಾಕ್ಕೊಂಡಿರ್ತೀರಿ, ಬಿಸಿ ಏನಾದ್ರೂ ಕೊಡೋಣ ಅಂತ ಓಡಿದೆ.”

“ನನ್ನ ಜೇಬಲ್ಲಿತ್ತು ಭಾವ” ಎಂದಳು ಅವಳು.

ಅವನು ಮುಖವನ್ನು ಒಲೆಯ ಕಡೆಗೆ ತಿರುಗಿಸಿದ. ಆಮೇಲೆ, “ಚಹಾ ಯಾರು ಮಾಡಿದ್ದು? ಹೊಗೆ ವಾಸನೆ ಬರ್ತಿದೆ” ಎಂದ. ಚಹಾ ನಾನು ಮಾಡಿದ್ದೆ.

ಆಸ್ಪತ್ರೆಯಲ್ಲಿ ಭಾವನ ಬಲಗಾಲಿನ ಐದು ಬೆರಳುಗಳನ್ನೂ ಎಡಗಾಲಿನ ಎರಡನ್ನೂ ತೆಗೆದರು. ನಮ್ಮವರೆಲ್ಲ ಊರಿಗೆ ಹೊರಟರು. ನಾನು ನಾಲ್ಕು ದಿನ ಉಳಿದೆ. ಬೆಟ್ಟಕ್ಕೆ ಪರವಾನಗಿ ಕೊಡುವ ಕಚೇರಿಯಲ್ಲಿ ಒಂದು ಹೇಳಿಕೆ ಬರೆಸಬೇಕಿತ್ತು, ಕಂಡವನು ನಾನೊಬ್ಬನೇ. ಕೊನೆಯಕ್ಕನೂ ಜೊತೆಗೆ ಬಂದಳು. ಮೆಟ್ಟಿಲ ಕೆಳಗಿನ ಕೋಣೆ. ಕಡತಗಳ ಮೇಲೆ ಕಡತ. ಗುಮಾಸ್ತರು ಮೂಗಿನ ತುದಿಯ ಕನ್ನಡಕದಲ್ಲಿ ಬರೆಯುತ್ತಿದ್ದರು. ‘ಅವಘಡದ ಕಾರಣ’ ಎಂಬಲ್ಲಿ ಅವರು ಕೇಳದೆಯೇ ‘ಹವಾಮಾನದ ಏರುಪೇರು’ ಎಂದು ಬರೆದರು.

“ಹವಾಮಾನ ಅಲ್ಲ ಸ್ವಾಮಿ. ನನ್ನ ಕೈ” ಎಂದಳು ಕೊನೆಯಕ್ಕ.

“ಏನಮ್ಮ?”

“ನನ್ನ ಕೈ ಅಂತ ಬರೀರಿ. ಮುಟ್ಟಬಾರದ ಕಲ್ಲು ಎತ್ತಿದೆ.”

ಗುಮಾಸ್ತರು ಕೆಟ್ಟವರಲ್ಲ. ಲೇಖನಿಯನ್ನು ಕೆಳಗಿಟ್ಟು, “ನೋಡಮ್ಮ, ಇಲ್ಲಿ ಹವಾಮಾನ ಇದೆ, ಬಂಡೆ ಜರುಗಿದ್ದು ಇದೆ, ಕಾಯಿಲೆ ಇದೆ. ಕೈ ಅನ್ನೋದಕ್ಕೆ ಈ ಫಾರಂನಲ್ಲಿ ಜಾಗ ಇಲ್ಲ. ನಿನ್ನ ಭಾವನೇ ಹವಾಮಾನ ಅಂತ ಹೇಳಿಕೆ ಕೊಟ್ಟಿದಾರೆ. ನಿನಗೇನು ಹಟ?” ಎಂದರು.

ಹೊರಗೆ ಬಂದ ಮೇಲೆ ಅವಳು ರಸ್ತೆಯಂಚಿನ ಕಟ್ಟೆಯ ಮೇಲೆ ಕುಳಿತಳು. “ಹೇಗೆ ಎತ್ತಿದೆ ಅಂತಾನೇ ಗೊತ್ತಿಲ್ಲ ಮೇಷ್ಟ್ರೆ. ಗೊತ್ತಿದ್ದು ಎತ್ತಿದ್ರೆ ಇನ್ನೊಂದ್ಸಲ ಹಾಗೆ ಮಾಡಲ್ಲ ಅನ್ನಬಹುದಿತ್ತು. ಗೊತ್ತಿಲ್ಲದೆ ಮಾಡಿದ್ದನ್ನ ಮಾಡಲ್ಲ ಅಂತ ಹೇಗೆ ಹೇಳೋದು?”

ನಾನು ಕುಸಿದು ಕೂರದಿದ್ದರೆ ಇದಾಗುತ್ತಿರಲಿಲ್ಲ ಎಂದೆ. “ನೀವು ಕೂರೋದು ಇದ್ದದ್ದೇ. ಬೆಟ್ಟದಲ್ಲಿ ಯಾರಾದ್ರೂ ಕೂರ್ತಾನೇ ಇರ್ತಾರೆ” ಎಂದಳು. ನನ್ನನ್ನು ಸಮಾಧಾನಪಡಿಸಲು ಹೇಳಿದ್ದಲ್ಲ, ಅದು ಅವಳ ಕೆಲಸದ ಮಾತು.

ಅವಳಿಗೆ ಭಯವಿದ್ದದ್ದು ಅಕ್ಕನ ಎದುರಿಗೆ ಹೋಗಲು. ತಾಯಿಯಿಲ್ಲದ ತಂಗಿಯನ್ನು ಎತ್ತಿ ಬೆಳೆಸಿದವಳು ಆ ಅಕ್ಕ. ಪೇಟೆಯ ಅಡ್ಡರಸ್ತೆಯೊಂದರಲ್ಲಿ ಅವಳ ಹೊಲಿಗೆ ಅಂಗಡಿ: ಮುಂದೆ ಕಾಲಿನಲ್ಲಿ ತುಳಿಯುವ ಮಿಷನ್, ಗೋಡೆಗೆ ಅರ್ಧ ಹೊಲಿದ ಅಂಗಿಗಳು, ಪರದೆಯ ಹಿಂದೆ ಎರಡು ಕೋಣೆಯ ಸಂಸಾರ. ಕೊನೆಯಕ್ಕನೂ ಆ ಮನೆಯಲ್ಲೇ ಇದ್ದವಳು. ತಂಗಿ ನಡೆದದ್ದನ್ನೆಲ್ಲ ಬಾಗಿಲಲ್ಲೇ ನಿಂತು ಹೇಳಿದಳು. ಅಕ್ಕ ಕೇಳಿಸಿಕೊಂಡಳು. ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದವಳು ಎಣ್ಣೆ ಬಿಟ್ಟು ಮುಗಿಸಿ, ಬಟ್ಟೆಯಲ್ಲಿ ಕೈ ಒರೆಸಿಕೊಂಡು ಒಳಗೆ ಹೋದಳು.

ಎರಡು ವರ್ಷದ ಮೇಲೆ ನಾನು ಮತ್ತೆ ಅಲ್ಲಿಗೆ ಹೋದಾಗ, “ಅಕ್ಕ ಬೈದ್ರಾ?” ಎಂದು ಕೇಳಿದೆ.

“ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು ಮೇಷ್ಟ್ರೆ. ತಟ್ಟೆ ಇಡ್ತಾಳೆ, ನೀರು ಇಡ್ತಾಳೆ. ಮಾತಾಡಲ್ಲ.”

ಆ ಎರಡು ವರ್ಷ ಅವಳು ಬೆಟ್ಟದ ಕಡೆ ಮುಖ ಹಾಕಿರಲಿಲ್ಲ. ಅಣ್ಣ ಕರೆದು ಕರೆದು ಸೋತು, ಸಾಲಿನ ಕೊನೆಗೆ ಬೇರೆಯವರನ್ನು ನೇಮಿಸಿಕೊಂಡಿದ್ದ. ಅವಳು ಬಸ್‌ ನಿಲ್ದಾಣದ ಪಕ್ಕದ ಒಂದು ಉಗ್ರಾಣದಲ್ಲಿ ಆಲೂಗಡ್ಡೆ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಕೊಳೆತದ್ದು ಈ ಕಡೆ, ಒಳ್ಳೆಯದು ಆ ಕಡೆ. ನಾನು ನೋಡುತ್ತಿದ್ದಂತೆಯೇ ಅವಳ ಬಲಗೈ ಒಂದು ಗಡ್ಡೆಯನ್ನು ಹಿಡಿದು, ಕಣ್ಣು ಅದನ್ನು ನೋಡಿ, ಮತ್ತೊಮ್ಮೆ ನೋಡಿ, ಆಮೇಲೆ ಬುಟ್ಟಿಗೆ ಹಾಕುತ್ತಿತ್ತು. ಮೇಸ್ತ್ರಿ ಅವಳನ್ನು “ಪರೀಕ್ಷೆ ಪೇಪರ್ ತಿದ್ದೋಳು” ಎಂದು ಹಂಗಿಸುತ್ತಿದ್ದ. ಹಗಲಿಡೀ ಅವಳ ಬುಟ್ಟಿ ಉಳಿದವರದ್ದರ ಅರ್ಧದಷ್ಟೂ ತುಂಬುತ್ತಿರಲಿಲ್ಲ.

ಭಾವ ಮಾತ್ರ ಮೊದಲಿನಂತೆಯೇ ಚುಡಾಯಿಸುತ್ತಿದ್ದ. ಕೋಲೂರಿಕೊಂಡು ಅಂಗಡಿಗೂ ಒಳಗೂ ಓಡಾಡುತ್ತ ಕಾಜಾ ತೆಗೆಯುವುದನ್ನೂ ಗುಂಡಿ ಹಚ್ಚುವುದನ್ನೂ ಕಲಿತಿದ್ದ. “ನೋಡಿ ಮೇಷ್ಟ್ರೆ, ಕೊನೆಗೂ ಹೆಂಡತಿ ಕೈಕೆಳಗೆ ಕೆಲಸಕ್ಕೆ ಸೇರಿದೆ” ಎನ್ನುವನು. ಅದನ್ನು ಕೇಳಿದರೆ ಕೊನೆಯಕ್ಕ ಎದ್ದು ಹೊರಗೆ ಹೋಗುವಳು. ಅವನ ನಗು ಅವಳಿಗೆ ಅಕ್ಕನ ಮೌನಕ್ಕಿಂತ ಭಾರವಾಗಿತ್ತು.

ಮೂರನೆಯ ವರ್ಷ ಒಂದು ಘಟನೆ ನಡೆಯಿತು. ಅದನ್ನು ಅವಳೇ ನನಗೆ ಹೇಳಿದಳು. ಗೂಟದಲ್ಲಿ ತೂಗುತ್ತಿದ್ದ ಅವಳ ಹಳೆಯ ಕೋಟಿನ ತೋಳು ಹರಿದಿತ್ತು. ಒಂದು ಬೆಳಿಗ್ಗೆ ನೋಡಿದರೆ ಕೋಟು ಗೂಟದಲ್ಲಿರಲಿಲ್ಲ. ಅಕ್ಕನ ಮಿಷನ್ನಿನ ಮೇಲಿತ್ತು. ಸಂಜೆ ಅದು ಮಡಿಸಿ ಅವಳ ಹಾಸಿಗೆಯ ಮೇಲೆ ಬಂತು. ತೋಳಿಗೆ ತೇಪೆ ಹಾಕಿ, ಹೊಸ ಗುಂಡಿ ಹಚ್ಚಿ, ಬಲಗಡೆಯ ಜೇಬಿನ ಬಾಯಿಯನ್ನು ಎರಡು ಸಾಲು ಹೊಲಿಗೆಯಿಂದ ಪೂರ್ತಿ ಮುಚ್ಚಿದ್ದಳು ಅಕ್ಕ.

“ಅದರ ಅರ್ಥ ಏನು ಮೇಷ್ಟ್ರೆ? ಕ್ಷಮಿಸಿದಳು ಅಂತಾನಾ, ಮರೆಯಲ್ಲ ಅಂತಾನಾ?”

ನಲವತ್ತು ವರ್ಷ ಮಕ್ಕಳಿಗೆ ಅರ್ಥ ಹೇಳಿದವನು ನಾನು. ಆ ಹೊಲಿಗೆಗೆ ಅರ್ಥ ಹೇಳಲು ನನಗೆ ಧೈರ್ಯ ಬರಲಿಲ್ಲ. “ಕೇಳಿ ನೋಡಿ” ಎಂದೆ. ಅವಳು ಕೇಳಲಿಲ್ಲ. ಹೊಲಿಗೆಯನ್ನು ಬಿಚ್ಚಲೂ ಇಲ್ಲ. ಮರುವಾರ ಆ ಕೋಟನ್ನು ತೊಟ್ಟು ಅಣ್ಣನ ಬಳಿ ಹೋಗಿ, “ಕೊನೆಗೆ ನಡೆಯಲ್ಲ. ಭಾವನ ಹಂಡೆ ಕೊಡು” ಎಂದಳು.

ಈಗ ಅವಳಿಗೆ ಐವತ್ತು ದಾಟಿದೆ. ಹೆಸರು ಕೊನೆಯಕ್ಕ ಎಂದೇ ಉಳಿದಿದೆ, ಕೆಲಸ ಅಡುಗೆ. ಎಲ್ಲರೂ ಹೊರಟ ಮೇಲೆ ಪಾತ್ರೆ ತೊಳೆದು, ಬೀಗ ಹಾಕಿ, ಅದೇ ಹಂಡೆಯನ್ನು ಹೊತ್ತು ಒಬ್ಬಳೇ ಹೊರಡುತ್ತಾಳೆ. ಅವಳ ಹಿಂದೆ ನಿಜವಾಗಿಯೂ ಯಾರೂ ಇರುವುದಿಲ್ಲ. ಕವಲಿನಲ್ಲಿ ಕೆಂಪು ಕಲ್ಲು ಇದ್ದ ದಿನ ಅದನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡೇ ಇಳಿಯುತ್ತಾಳಂತೆ. ಇಲ್ಲದ ದಿನ ಚೀಲ ಇಳಿಸಿ, ಗುಪ್ಪೆಯ ಸುತ್ತಲೂ ಎರಡು ಸಲ ತಡಕಿ ಮುಂದೆ ಹೋಗುತ್ತಾಳಂತೆ. ಅದಕ್ಕಾಗಿ ಸಾಲನ್ನು ದಾಟುವುದು ತಡವಾಗುತ್ತದೆ, ಚಹಾ ತಡವಾಗುತ್ತದೆ, ಬಂದವರು ಗೊಣಗುತ್ತಾರೆ. ಮುಂದಾಳುವಿನ ತಲೆಯೂ ನರೆತಿದೆ; ಅವನು ಬಾಗಿಲಲ್ಲಿ ನಿಂತು ಕಾಯುತ್ತಾನೆ.

ಹೋದ ವರ್ಷ ನಾನು ಆ ಹೊಲಿಗೆ ಅಂಗಡಿಯ ಸ್ಟೂಲಿನ ಮೇಲೆ ಕುಳಿತಿದ್ದೆ. ಕೊನೆಯಕ್ಕ ಬೆಟ್ಟದ ಮೇಲಿದ್ದಳು. ಕೆಳಗಿನ ತಂಗುಮನೆಗೆ ಈಗ ಸಿಗ್ನಲ್ ಬರುತ್ತದೆ. ಹೊರಗೆ ಮಧ್ಯಾಹ್ನದಿಂದ ಮೋಡ ಕಟ್ಟಿತ್ತು. ಅಕ್ಕ ಮಿಷನ್ ತುಳಿಯುತ್ತಿದ್ದಳು. ತಂಗಿಯೊಡನೆ ಈಗ ಉಪ್ಪು, ಎಣ್ಣೆ, ಬಾಗಿಲು ಎಂಬಷ್ಟು ಮಾತಿದೆಯಂತೆ. ಭಾವ ಕಾಜಾ ತೆಗೆಯುತ್ತಿದ್ದ. ಮೂರೂವರೆಗೆ ಅವನ ಫೋನು ಬಡಿದುಕೊಂಡಿತು.

ಮಿಷನ್ ನಿಂತಿತು. ಅಕ್ಕ ತಲೆಯೆತ್ತಲಿಲ್ಲ, ಸೂಜಿ ಬಟ್ಟೆಯೊಳಗೇ ಇತ್ತು, ಕೈ ಚಕ್ರದ ಮೇಲಿತ್ತು.

“ಹೇಳೇ” ಎಂದ ಭಾವ. “ಸೇರಿದ್ಯಾ? ಯಾವ ದಾರಿ?... ಕಲ್ಲು?”

ಆ ಕಡೆಯಿಂದ ಗಾಳಿಯ ಸದ್ದು, ಲೋಟಗಳ ಸದ್ದು. ಅವುಗಳ ನಡುವೆ ಅವಳ ದನಿ ನನಗೂ ಕೇಳಿಸಿತು. “ಕೈಲಿದೆ ಭಾವ. ಅಣ್ಣಂಗೆ ಕೊಡ್ತಾ ಇದೀನಿ.”

“ಸರಿ ಹಾಗಾದ್ರೆ. ಒಲೆ ಹಚ್ಚು” ಎಂದು ಅವನು ಫೋನನ್ನು ಕೆಳಗಿಟ್ಟ.

ಅಕ್ಕ ಚಕ್ರವನ್ನು ಒಮ್ಮೆ ಹಿಂದಕ್ಕೆ ತಿರುಗಿಸಿ, ಮತ್ತೆ ತುಳಿಯತೊಡಗಿದಳು.